ಖಾಲಿ ಬಿಟ್ಟ ಎಡಗಾಲು

"ಬಲಗಾಲಿಗೆ ಮಾತ್ರ ಹೊಡಿ. ಎಡಗಾಲು ಖಾಲಿ ಬಿಡು."

ಹನ್ನೊಂದು ವರ್ಷದಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಹೀಗೆ ಹೇಳಿದ ರೋಗಿ ಅವರೊಬ್ಬರೇ. ಮೂಡಿಗೆರೆ ಪೇಟೆಯಲ್ಲಿ ಅಪ್ಪನ ಬಟ್ಟೆ ಅಂಗಡಿಯ ಮಹಡಿ ಮೇಲೆ ನನ್ನ ಕ್ಲಿನಿಕ್. ಎರಡು ಮಂಚ, ಪೂರ್ವಕ್ಕೊಂದು ದೊಡ್ಡ ಕಿಟಕಿ, ನನಗಿಂತ ಮೊದಲೇ ಬಂದು ಗುಡಿಸಿಟ್ಟು ತಡವಾಗಿ ಬಂದೆನೆಂದು ನನ್ನನ್ನೇ ಬೈಯುವ ಆಯಾ ಒಬ್ಬರು. ಬರುವವರಲ್ಲಿ ಅರ್ಧ ಜನ ಸೊಂಟ, ಅರ್ಧ ಜನ ಮಂಡಿ. ಮಲೆನಾಡಿನಲ್ಲಿ ಹುಟ್ಟಿದ ಮೇಲೆ ಏರು ಹತ್ತಲೇಬೇಕು, ಹತ್ತಿದ್ದನ್ನು ಇಳಿಯಲೇಬೇಕು. ಹಾಗಾಗಿ ನನಗೆ ಕೆಲಸಕ್ಕೇನೂ ಬರವಿಲ್ಲ.

ಆ ವರ್ಷ ಫೆಬ್ರವರಿಯಲ್ಲಿ ಜಾವಳಿ ಕಡೆಯ ಒಂದು ಕಾಫಿ ತೋಟದ ಒಡತಿ ನನ್ನ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಹತ್ತಿಕೊಂಡು ಬಂದರು. ವಯಸ್ಸು ಐವತ್ತೆರಡು. ತೋಟ ಅವರ ತಂದೆಯದಾಗಿತ್ತು, ಈಗ ಇವರದು. ಗಂಡ ಚಿಕ್ಕಮಗಳೂರಿನಲ್ಲಿ ವಕೀಲರು. ಅರೇಬಿಕಾಕ್ಕೂ ರೊಬಸ್ಟಾಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ವಾಯಿದೆ ಕೇಳುವಂಥವರು. ತೋಟದಲ್ಲಿ ಎಲ್ಲರೂ ಕರೆಯುವಂತೆ ನಾನೂ ಅವರನ್ನು ಅಮ್ಮಾವ್ರು ಎಂದೇ ಕರೆಯುತ್ತೇನೆ. ದಿನಾ ಬೆಳಿಗ್ಗೆ ತೋಟದ ಒಂದೊಂದು ಬ್ಲಾಕನ್ನೂ ಕಾಲ್ನಡಿಗೆಯಲ್ಲಿ ಸುತ್ತದಿದ್ದರೆ ಅವರಿಗೆ ತಿಂಡಿ ಇಳಿಯುವುದಿಲ್ಲ. ಈಗ ಬಲ ಮಂಡಿ ಸವೆದಿತ್ತು. ಮಡಿಸಲು ಆಗುತ್ತಿರಲಿಲ್ಲ, ಶೂ ದಾರ ಕಟ್ಟಲು ಬಗ್ಗಲಾಗುತ್ತಿರಲಿಲ್ಲ. ತೋಟದ ಮೇಸ್ತ್ರಿ ಕಟ್ಟಿಕೊಡುತ್ತೇನೆಂದು ಮುಂದೆ ಬಂದಾಗ ಅವನ ಕೈಗೆ ಹೊಡೆದು ಚಪ್ಪಲಿ ಹಾಕಿಕೊಂಡೇ ಬಂದಿದ್ದರು.

ಮೂಳೆ ಡಾಕ್ಟರು ಬರೆದುಕೊಟ್ಟಿದ್ದ ಚೀಟಿಯಲ್ಲಿ ಮದ್ದು ಸ್ಪಷ್ಟವಾಗಿತ್ತು: ತೊಡೆಯ ಸ್ನಾಯು ಗಟ್ಟಿಯಾಗಬೇಕು, ಮಂಡಿಯ ಮೇಲೆ ಭಾರ ಬೀಳಬಾರದು, ಎದೆಮಟ್ಟದ ನೀರಿನಲ್ಲಿ ದಿನಾ ನಡೆಯಬೇಕು, ಈಜಬೇಕು. ಇಲ್ಲದಿದ್ದರೆ ಒಂದೆರಡು ವರ್ಷದಲ್ಲಿ ಏರು ಹತ್ತುವುದು ಮರೆತುಬಿಡಬೇಕು. ನನಗೆ ಖುಷಿಯಾಯಿತು. ಯಾಕೆಂದರೆ ನನ್ನ ರೋಗಿಗಳಲ್ಲಿ ಸ್ವಂತ ನೀರಿನ ಟ್ಯಾಂಕ್ ಇರುವುದು ಇವರೊಬ್ಬರಿಗೇ. ಸ್ಪ್ರಿಂಕ್ಲರ್‌ಗೆಂದು ಅವರಪ್ಪ ಕಟ್ಟಿಸಿದ ಸಿಮೆಂಟಿನ ದೊಡ್ಡ ಟ್ಯಾಂಕ್, ಒಂದು ಕಡೆ ಮೆಟ್ಟಿಲು. ಅಮ್ಮಾವ್ರು ಮಗುವಾಗಿದ್ದಾಗಿನಿಂದ ಅದರಲ್ಲೇ ಈಜಿದವರು.

"ನಾಳೆಯಿಂದಲೇ ಶುರು ಮಾಡಿ" ಎಂದೆ.

"ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳು."

"ಬೇರೆ ಅಂದ್ರೆ ಕೋಲು ಅಮ್ಮಾವ್ರೇ. ಆಮೇಲೆ ವರಾಂಡದಲ್ಲಿ ಕುರ್ಚಿ."

ನನಗೆ ಸಿಟ್ಟು ಮೂಗಿನ ಮೇಲೇ ಇರುತ್ತದೆ ಎಂದು ಆಯಾ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಆದರೆ ಅಮ್ಮಾವ್ರು ತಿರುಗಿ ಬೈಯಲಿಲ್ಲ. ಫೋನ್ ತೆಗೆದು ಒಂದು ಫೋಟೋ ತೋರಿಸಿದರು. ಎರಡು ವರ್ಷದ ಹಿಂದೆ ಮಾರ್ಚ್ ತಿಂಗಳಲ್ಲಿ ನೆಂಟರೆಲ್ಲ ಸೇರಿದಾಗ ಯಾರೋ ತೆಗೆದದ್ದು. ಅಮ್ಮಾವ್ರು ಚಡ್ಡಿ, ಟೀಶರ್ಟಿನಲ್ಲಿ ಟ್ಯಾಂಕಿನ ಮೆಟ್ಟಿಲು ಹತ್ತಿ ಬರುತ್ತಿದ್ದಾರೆ, ಬೆನ್ನು ಈ ಕಡೆ. ಇಳಿಬಿಸಿಲು ಪಕ್ಕದಿಂದ ಬಿದ್ದು ತೊಡೆಯ ಹಿಂಭಾಗದ ಒಂದೊಂದು ಗುಳಿಯೂ ಎಣಿಸುವಷ್ಟು ಸ್ಪಷ್ಟ. ಫ್ಯಾಮಿಲಿ ಗ್ರೂಪಿನಲ್ಲಿ ನಾದಿನಿ ಅದರ ಕೆಳಗೆ, "ಅತ್ತಿಗೆ ತೋಟದಲ್ಲಿ ಹಲಸಿನ ಬೆಳೆ ಜೋರು" ಎಂದು ಬರೆದಿದ್ದಳು. ಅದರ ಕೆಳಗೆ ಸಾಲಾಗಿ ನಗುವ ಮುಖಗಳು.

"ಅವತ್ತಿಂದ ನೀರಿಗೆ ಇಳಿದಿಲ್ಲ" ಎಂದರು. ಇಪ್ಪತ್ತು ಆಳು ಎದುರು ನಿಂತು ಜಗಳವಾಡಿದರೂ ಕಣ್ಣು ಮಿಟುಕಿಸದ ಹೆಂಗಸು, ಒಂದು ಸಾಲಿಗೆ ಎರಡು ವರ್ಷ ದಡದಲ್ಲೇ ಕೂತಿದ್ದರು. "ಇದನ್ನ ಮೊದಲು ತೆಗಿ. ಆಮೇಲೆ ನೀರು, ನಿನ್ನ ವ್ಯಾಯಾಮ ಎಲ್ಲಾ."

ಇದಕ್ಕೆ ಸೆಲ್ಯುಲೈಟ್ ಎನ್ನುತ್ತಾರೆ, ಇದು ಕಾಯಿಲೆ ಅಲ್ಲ ಎಂದು ಹೇಳಿದೆ. ಕಾಯಿಲೆ ಅಲ್ಲದ್ದಕ್ಕೆ ಇಂಗ್ಲಿಷ್ ಹೆಸರು ಯಾಕೆ ಎಂದು ಕೇಳಿದರು. ಬಾಯಲ್ಲಿ ಹೇಳಿ ಪ್ರಯೋಜನವಿಲ್ಲವೆಂದು ಕೆಳಗೆ ಅಂಗಡಿಗೆ ಕರೆದುಕೊಂಡು ಹೋಗಿ ಹತ್ತಿ ಹಾಸಿಗೆಯೊಂದರ ಮುಂದೆ ನಿಲ್ಲಿಸಿದೆ.

"ನೋಡಿ, ಹಾಸಿಗೆಗೆ ಅಲ್ಲಲ್ಲಿ ದಾರ ಹಾಕಿ ಎಳೆದು ಹೊಲಿದಿದ್ದಾರೆ. ದಾರ ಇರೋ ಕಡೆ ಗುಳಿ, ಮಧ್ಯ ಹತ್ತಿ ಉಬ್ಬಿದೆ. ಚರ್ಮದ ಕೆಳಗೂ ಹಿಂಗೇ. ದಾರದಂಥ ನಾರು ಚರ್ಮನ ಒಳಕ್ಕೆ ಎಳೆದು ಹಿಡ್ಕೊಂಡಿರ್ತದೆ, ಮಧ್ಯ ಕೊಬ್ಬು ಮೇಲಕ್ಕೆ ತಳ್ತದೆ. ದಪ್ಪಗಿರೋರಿಗೆ ಸ್ವಲ್ಪ ಜಾಸ್ತಿ ಕಾಣ್ತದೆ, ಆದ್ರೆ ಸಣಕಲು ಹುಡುಗೀರಿಗೂ ಇರ್ತದೆ. ವಯಸ್ಸಿಗೆ ಬಂದ ಹೆಂಗಸ್ರಲ್ಲಿ ಇಲ್ಲದೇ ಇರೋರೇ ಅಪರೂಪ."

"ಗಂಡಸ್ರಿಗೆ?"

"ಅವ್ರಿಗೆ ದಾರ ನೇರ ಇರಲ್ಲ, ಚಾಪೆ ತರ ಅಡ್ಡಡ್ಡ ಹೆಣೆದಿರ್ತದೆ. ಕೊಬ್ಬು ಹೊರಗೆ ಇಣುಕಕ್ಕೆ ಜಾಗ ಇಲ್ಲ."

"ಅದ್ರಲ್ಲೂ ಅವ್ರಿಗೇ ಅನುಕೂಲ ನೋಡು" ಎಂದು ಅಮ್ಮಾವ್ರು ಹಾಸಿಗೆಗೆ ಒಂದು ಗುದ್ದು ಕೊಟ್ಟರು. ಗಿರಾಕಿ ಗಟ್ಟಿತನ ಪರೀಕ್ಷಿಸುತ್ತಿದ್ದಾರೆಂದು ಅಪ್ಪ ಓಡಿಬಂದು, "ಒಳ್ಳೇ ಮಾಲು ಅಮ್ಮಾವ್ರೇ, ಹತ್ತು ವರ್ಷ ಆದ್ರೂ ಹಿಂಗೇ ಗುಳಿ ಗುಳಿಯಾಗಿ ಚೆಂದ ಇರ್ತದೆ" ಎಂದರು. ಅಪ್ಪನಿಗೆ ನಾನು ಮಾಡಿದ ಕಣ್ಸನ್ನೆ ತಲುಪಲಿಲ್ಲ.

ಮೇಲೆ ಬಂದ ಮೇಲೆ ಇರುವ ದಾರಿಗಳನ್ನೆಲ್ಲ ಹೇಳಿದೆ. ಮುಲಾಮು ಹಚ್ಚಬಹುದು, ಹೆಚ್ಚಿನವುಗಳಲ್ಲಿ ಇರುವುದು ಕೆಫೀನ್, ಚರ್ಮ ಕೊಂಚ ಬಿಗಿಯಾದಂತೆ ಕಂಡು ಮತ್ತೆ ಮೊದಲಿನಂತಾಗುತ್ತದೆ. ಅಮ್ಮಾವ್ರು ತಡೆದರು: "ಕೆಫೀನ್ ಅಂದ್ರೆ ಕಾಫಿಯಲ್ಲಿ ಇರೋದೇ ತಾನೇ? ಹುಟ್ಟಿದಾಗಿಂದ ಅದ್ರಲ್ಲೇ ಬಿದ್ದು ಎದ್ದಿದೀನಿ ಮಾರಾಯ್ತಿ. ಅದ್ರಿಂದ ಹೋಗಂಗಿದ್ರೆ ನಾನೀಗ ಬೆಣ್ಣೆ ಮುದ್ದೆ ತರ ಇರ್ಬೇಕಿತ್ತು." ಮಸಾಜು ಮಾಡಿದರೆ ಅವತ್ತಿನ ಮಟ್ಟಿಗೆ ಸರಿ. ದೊಡ್ಡ ಊರಿನ ಚರ್ಮದ ಡಾಕ್ಟರು ಸೂಜಿಯಂಥ ಬ್ಲೇಡು ಹಾಕಿ ಆ ನಾರನ್ನೇ ಕತ್ತರಿಸುತ್ತಾರೆ. ಅದು ಹೆಚ್ಚು ಕಾಲ ನಿಲ್ಲುತ್ತದೆ, ಆದರೆ ರಕ್ತ ಹೆಪ್ಪುಗಟ್ಟಿ ವಾರಗಟ್ಟಲೆ ನೀಲಿಯಾಗಬಹುದು. ಕೊಬ್ಬು ಹೀರಿ ತೆಗೆಸಿಕೊಂಡರೆ ಗುಳಿ ಹೋಗುವುದಿಲ್ಲ, ಕೆಲವೊಮ್ಮೆ ಇನ್ನೂ ಎದ್ದು ಕಾಣುತ್ತದೆ. ಶಾಖ ಕೊಡುವ ಮಿಷನ್ನು, ಲೇಸರ್, ಶಾಕ್‌ವೇವ್ ಇವೆ. ಹಲವಾರು ಸಲ ಮಾಡಿಸಬೇಕು, ಸ್ವಲ್ಪ ಕಡಿಮೆಯಾದಂತೆ ಕಾಣಬಹುದು, ನಿಲ್ಲಿಸಿದರೆ ನಿಧಾನಕ್ಕೆ ವಾಪಸು. ಪೂರ್ತಿ ತೆಗೆಯುವ ಮದ್ದು ಯಾರ ಹತ್ತಿರವೂ ಇಲ್ಲ.

ಇಷ್ಟು ಹೇಳಿ ಸುಮ್ಮನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಮ್ಮಾವ್ರ ಕಣ್ಣು ಮೂಲೆಯಲ್ಲಿದ್ದ ನನ್ನ ಮಿಷನ್ನಿನ ಮೇಲೆ ಬಿತ್ತು. ಅದು ಶಾಕ್‌ವೇವ್ ಮಿಷನ್ನೇ. ಹಿಮ್ಮಡಿ ನೋವಿಗೆಂದು ತರಿಸಿದ್ದೆ. ಹೆಸರಿನಲ್ಲಿ ಶಾಕ್ ಇದೆಯೇ ಹೊರತು ಕರೆಂಟ್ ಹೊಡೆಯುವುದಿಲ್ಲ. ಕೋವಿಯಂಥ ಹಿಡಿಯೊಳಗೆ ಒಂದು ಗುಂಡು ಹಿಂದೆ ಮುಂದೆ ಓಡಿ ತುದಿಗೆ ಬಡಿಯುತ್ತದೆ, ಆ ಪೆಟ್ಟು ಅಲೆಯಾಗಿ ಮಾಂಸದೊಳಗೆ ಹೋಗುತ್ತದೆ. ಮಾರಿದ ಕಂಪನಿಯ ಪ್ರತಿನಿಧಿ, "ಮೇಡಂ, ತುದಿ ಬದಲಾಯಿಸಿದ್ರೆ ಇದೇ ಮಿಷನ್ನು ಸೆಲ್ಯುಲೈಟಿಗೂ ಆಗ್ತದೆ" ಎಂದು ಹೇಳಿ ದೊಡ್ಡ ತುದಿಯೊಂದನ್ನು ಬಿಟ್ಟುಹೋಗಿದ್ದ. ಚಾರ್ಮಾಡಿ ಘಾಟಿ ಹತ್ತಿ ಬರುವಷ್ಟರಲ್ಲಿ ಪ್ರತಿ ಸಲವೂ ವಾಂತಿ ಮಾಡಿಕೊಂಡು, ಟೈ ಭುಜದ ಮೇಲೆ ಹಾಕಿಕೊಂಡೇ ಮೆಟ್ಟಿಲು ಹತ್ತುವ ಐವತ್ತರ ಆಸುಪಾಸಿನ ಮನುಷ್ಯ. ಪಾಪ ಅನ್ನಿಸಿ ಬೇಡವೆಂದಿರಲಿಲ್ಲ.

ಆಗಲೇ ಅಮ್ಮಾವ್ರು ಬಲಗಾಲು, ಎಡಗಾಲಿನ ಮಾತು ಎತ್ತಿದ್ದು.

"ಹೊಸ ಗೊಬ್ಬರ ಬಂದ್ರೆ ಇಡೀ ತೋಟಕ್ಕೆ ಯಾವನಾದ್ರೂ ಹಾಕ್ತಾನಾ? ಒಂದು ಸಾಲಿಗೆ ಹಾಕಿ ಪಕ್ಕದ ಸಾಲು ಖಾಲಿ ಬಿಡ್ಬೇಕು. ಖಾಲಿ ಸಾಲು ನೋಡಿದ್ರೇ ಗೊತ್ತಾಗೋದು, ಬೆಳೆ ಬಂದಿದ್ದು ಗೊಬ್ಬರದಿಂದನಾ ಮಳೆಯಿಂದನಾ ಅಂತ. ಬಲಗಾಲಿಗೆ ಹೊಡಿ. ಎಡಗಾಲು ಖಾಲಿ."

ಕಾಲೇಜಿನಲ್ಲಿ ನಾಲ್ಕೂವರೆ ವರ್ಷ ಓದಿಯೂ ನನಗೆ ಹೊಳೆಯದಿದ್ದದ್ದು ಅವರಿಗೆ ಹೊಳೆದಿತ್ತು. ಖಾಲಿ ಸಾಲಿನ ಗಿಡಕ್ಕೆ ತೋಟದಲ್ಲಿ ಕೆಂಪು ಬಟ್ಟೆ ಕಟ್ಟುತ್ತಾರಂತೆ, ಆಳುಗಳು ಮರೆತು ಗೊಬ್ಬರ ಹಾಕಬಾರದೆಂದು. ಅಪ್ಪನ ಅಂಗಡಿಯಿಂದ ಒಂದು ಮೊಳ ಕೆಂಪು ರಿಬ್ಬನ್ ಬಂತು. ಅಮ್ಮಾವ್ರು ತಾವೇ ಕಟ್ಟಿಕೊಳ್ಳಲು ಹೋಗಿ ಅರ್ಧಕ್ಕೇ "ಅಮ್ಮಾ" ಎಂದು ಮಂಚ ಹಿಡಿದುಕೊಂಡರು. ಬಗ್ಗಲಾಗಲಿಲ್ಲ. ನಾನೇ ಕೂತು ಅವರ ಎಡ ಕಣಕಾಲಿಗೆ ಕಟ್ಟಿದೆ.

ಶುರು ಮಾಡುವ ಮೊದಲು ಫೋಟೋ ತೆಗೆಯಬೇಕು. ಅದರಲ್ಲಿ ನಾನು ಬಹಳ ಶಿಸ್ತು. ನೆಲಕ್ಕೆ ಟೇಪು ಅಂಟಿಸಿ ಪಾದ ಇಡುವ ಜಾಗ ಗುರುತು ಮಾಡಿದೆ. ಫೋನಿಗೆ ಸ್ಟ್ಯಾಂಡು, ದೂರ ಅಳೆದು ಬರೆದುಕೊಂಡೆ. ಹಿಂದೆ ಹಸಿರು ಹೊದಿಕೆ, ಬೆಳಿಗ್ಗೆ ಹತ್ತು ಗಂಟೆ. ಕಿಟಕಿಯ ಕೆಳ ಅರ್ಧಕ್ಕೆ ಕಾಗದ ಅಂಟಿಸಿದ್ದೆ, ಮೇಲಿನ ಅರ್ಧದಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಎರಡೂ ಕಾಲಿನ ಫೋಟೋ ತೆಗೆದೆ. ಗುಳಿಗಳು ಚೆನ್ನಾಗಿ ಬಂದವು. ಹೊದಿಕೆ ಹಿಡಿದು ನಿಂತಿದ್ದ ಆಯಾ ಇಣುಕಿ ನೋಡಿ, "ಇದಕ್ಕೆ ಇಷ್ಟೆಲ್ಲಾ ಯಾಕೆ? ನಂಗೂ ಐತೆ. ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ" ಎಂದರು.

ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತೀರಾ, ಕಾಲಿನ ನರ ಊದಿದೆಯಾ ಎಂದೆಲ್ಲ ಕೇಳಿ ಖಾತ್ರಿ ಮಾಡಿಕೊಂಡು ಶುರು ಮಾಡಿದೆ. ಜೆಲ್ ಹಚ್ಚಿ, ಕಡಿಮೆ ಒತ್ತಡದಿಂದ ಆರಂಭಿಸಿ, ತೊಡೆಯ ಹಿಂಭಾಗದಲ್ಲಿ ಸಾಲು ಸಾಲಾಗಿ ಹಿಡಿ ಓಡಿಸಬೇಕು. ಶಬ್ದ ಮಾತ್ರ ಕೇಳಬೇಡಿ. ಟಕಟಕಟಕ ಎಂದು ಮಹಡಿ ಇಡೀ ನಡುಗುತ್ತಿತ್ತು. ಕೆಳಗೆ ಸೀರೆ ನೋಡುತ್ತಿದ್ದ ಗಿರಾಕಿಗಳು ಮೇಲೆ ಮರಗೆಲಸವಾ ಎಂದು ಅಪ್ಪನನ್ನು ಕೇಳುತ್ತಿದ್ದರು. ಅಮ್ಮಾವ್ರು ಬೋರಲು ಮಲಗಿಕೊಂಡೇ ಫೋನಿನಲ್ಲಿ ಮೇಸ್ತ್ರಿಗೆ ಹುಕುಂ ಕೊಡುತ್ತಿದ್ದರು. ಆ ಕಡೆಯಿಂದ ಅವನು, "ಅಮ್ಮಾವ್ರೇ, ಯಾವ ಪಂಪ್ಸೆಟ್ ಹತ್ರ ಇದೀರಿ? ಬೇರಿಂಗ್ ಹೋದಂಗೈತೆ" ಎಂದ.

ಎರಡು ವಾರಕ್ಕೊಂದರಂತೆ ಎಂಟು ಸಲ ಎಂದು ಲೆಕ್ಕ ಹಾಕಿದ್ದೆ. ನಡುವೆ ಕಾಫಿ ಹೂ ಅರಳಿಸುವ ಹೂಮಳೆ ಬರಲಿಲ್ಲವೆಂದು ಸ್ಪ್ರಿಂಕ್ಲರ್ ಹಾಕಿಸಲು ಎರಡು ವಾರ ತಪ್ಪಿತು. ಒಮ್ಮೆ ನಾನು ಒತ್ತಡ ಹೆಚ್ಚಿಟ್ಟು ನೀಲಿಯಾಗಿ ಹತ್ತು ದಿನ ನಿಲ್ಲಿಸಬೇಕಾಯಿತು. ಅವತ್ತು ಬೈಸಿಕೊಂಡದ್ದನ್ನು ಬರೆಯುವುದಿಲ್ಲ. ಇನ್ನೊಮ್ಮೆ ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟಿರಲಿಲ್ಲ. ಹೀಗೆ ಎಂಟನೆಯದು ಮುಗಿದಾಗ ಜೂನ್ ನಡುಭಾಗ. ಮಳೆ ಹಿಡಿದಿತ್ತು.

ಕೊನೆಯ ಫೋಟೋ ದಿನ ಪ್ರತಿನಿಧಿಯೂ ಬಂದು ಹೊರಗೆ ಕೂತಿದ್ದ, ನಿಂಬೆಹಣ್ಣು ಮೂಸುತ್ತ. ಅದೇ ಟೇಪಿನ ಗುರುತು, ಅದೇ ದೂರ, ಅದೇ ಹೊದಿಕೆ, ಹತ್ತು ಗಂಟೆ. ಬಲಗಾಲಿನ ಫೋಟೋ ತೆಗೆದು ಹಳೆಯದರ ಪಕ್ಕ ಇಟ್ಟು ನೋಡಿದರೆ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಗುಳಿಯೇ ಇಲ್ಲ! ಇಸ್ತ್ರಿ ಮಾಡಿದಂತಿತ್ತು. ಅಮ್ಮಾವ್ರು ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು, ಕನ್ನಡಕ ಹಾಕಿ, ತೆಗೆದು ನೋಡಿದರು. ಆಮೇಲೆ ನನ್ನನ್ನು ತಬ್ಬಿಕೊಂಡರು. ಆ ಗಲಾಟೆಯಲ್ಲಿ ಎಡಗಾಲಿನ ಫೋಟೋ ಮರೆತೇಹೋಯಿತು.

"ಎಡಗಾಲಿಗೂ ಶುರು ಮಾಡು. ನೀರಿಗೂ ಇಳೀತೀನಿ" ಎಂದರು. ನಾನು ಹಾರಾಡಿಬಿಟ್ಟೆ. ಪ್ರತಿನಿಧಿ ಆ ಫೋಟೋವನ್ನು ಮುಖ, ಹೆಸರು ಇಲ್ಲದೆ ತಮ್ಮ ಪುಸ್ತಿಕೆಯಲ್ಲಿ ಹಾಕಬಹುದಾ ಎಂದು ಕೇಳಿದ. ಅಮ್ಮಾವ್ರು, "ಹಾಕ್ಕಳ್ಳಲಿ, ನನ್ನ ನಾದಿನಿಗೊಂದು ಪ್ರತಿ ಕಳಿಸಕ್ಕೆ ಹೇಳು" ಎಂದರು. ವಾರದೊಳಗೆ ಸುತ್ತಲಿನ ತೋಟಗಳಿಂದ ನಾಲ್ವರು ಹೆಂಗಸರು ಫೋನು ಮಾಡಿ, "ಅದೇ, ಅಮ್ಮಾವ್ರಿಗೆ ಮಾಡಿದ್ದು ನಮ್ಗೂ" ಎಂದು ಗುಟ್ಟಾಗಿ ದಿನ ಕೇಳಿದರು.

ಮುಂದಿನ ವಾರ ಅಮ್ಮಾವ್ರು ಎಡಗಾಲಿಗೆ ಶುರು ಮಾಡಿಸಲು ಬಂದರು. ರಿಬ್ಬನ್ ಬಿಚ್ಚುವ ಮೊದಲು ಅದರ ಫೋಟೋ ತೆಗೆದೆ. ನೋಡಿದೆ. ಒಂದು ಪೆಟ್ಟೂ ಬೀಳದ ಎಡಗಾಲು ಬಲಗಾಲಿನಷ್ಟೇ ನುಣುಪಾಗಿತ್ತು.

ಆಯಾ ನನ್ನ ಭುಜದ ಮೇಲಿಂದ ಇಣುಕಿ ಕಿವಿಯಲ್ಲಿ, "ನಿಮ್ಮ ಮಿಷನ್ ಸದ್ದಿಗೇ ಹೆದ್ರಿ ನೆಟ್ಟಗಾಗೈತೆ" ಎಂದರು.

ಅಮ್ಮಾವ್ರು ಆಗಲೇ ಮಂಚ ಹತ್ತಿದ್ದರು. ನನಗೆ ಏನು ಹೇಳಬೇಕೋ ತಿಳಿಯದೆ, ಮಿಷನ್ನಿನ ವೋಲ್ಟೇಜ್ ಸರಿಯಿಲ್ಲ, ಮುಂದಿನ ವಾರ ಬನ್ನಿ ಎಂದು ಸುಳ್ಳು ಹೇಳಿ ಕಳಿಸಿದೆ. ಬಾಗಿಲ ಹತ್ತಿರ ತಿರುಗಿ ನಿಂತು, "ಎಡಗಾಲು ಆಗ್ಲಿ ಬಿಡ್ಲಿ, ಸೋಮವಾರ ನೀರಿಗೆ ಇಳಿಯೋದೇ. ಒಂದು ಕಾಲು ನೆಟ್ಟಗಿದ್ರೆ ಧೈರ್ಯಕ್ಕೆ ಸಾಕು" ಎಂದು ಹೋದರು.

ಅವರು ಹೋದ ಮೇಲೆ ಬಾಗಿಲು ಹಾಕಿದೆ. ಕಿಟಕಿಯ ಕಡೆ ನೋಡಿದೆ. ಹೊರಗೆ ಮಂಜು, ಎದುರಿನ ಬೇಕರಿ ಬೋರ್ಡೂ ಕಾಣುತ್ತಿರಲಿಲ್ಲ. ಬಿಸಿಲು ಕಂಡು ಎಷ್ಟು ದಿನವಾಗಿತ್ತೋ. ಟೇಪು ಅಳೆದಿದ್ದೆ, ದೂರ ಅಳೆದಿದ್ದೆ, ಗಂಟೆ ನೋಡಿದ್ದೆ. ಆಕಾಶ ನೋಡಿರಲಿಲ್ಲ. ಫೆಬ್ರವರಿಯಲ್ಲಿ ಪಕ್ಕದಿಂದ ಬಿದ್ದ ಬಿಸಿಲು ಪ್ರತಿ ಗುಳಿಯಲ್ಲೂ ಒಂದೊಂದು ನೆರಳು ಹಾಕಿತ್ತು. ಜೂನಿನ ಮಂಜಿನಲ್ಲಿ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬಂದು ನೆರಳೇ ಇಲ್ಲದಂತೆ ಮಾಡಿತ್ತು. ನೆರಳಿಲ್ಲದ ಮೇಲೆ ಗುಳಿ ಎಲ್ಲಿ ಕಾಣಬೇಕು?

ಖಾತ್ರಿಯಾಗಬೇಕಿತ್ತು. ಪರೀಕ್ಷೆಗೆ ಸಿಕ್ಕಿದ್ದು ನನ್ನ ಕಾಲೇ. ಟೇಪಿನ ಗುರುತಿನ ಮೇಲೆ ನಾನೇ ನಿಂತು ಆಯಾ ಕೈಲಿ ಫೋಟೋ ತೆಗೆಸಿಕೊಂಡೆ. ಬೆಣ್ಣೆಯ ಹಾಗೆ ನುಣುಪು. ಮಿಷನ್ ಮುಟ್ಟದ, ಮೂವತ್ತಾರು ವರ್ಷದ ನನ್ನ ಕಾಲು ಪುಸ್ತಿಕೆಗೆ ಹಾಕುವ ಹಾಗಿತ್ತು. ಆಮೇಲೆ ಕಿಟಕಿಗೆ ಹೊದಿಕೆ ಇಳಿಬಿಟ್ಟು, ಆಯಾ ಕೈಗೆ ಟಾರ್ಚು ಕೊಟ್ಟು, ಪಕ್ಕದಿಂದ ಓರೆಯಾಗಿ ಬಿಡಿ ಎಂದೆ.

"ಅಯ್ಯಯ್ಯೋ" ಎಂದರು ಆಯಾ. "ಅಮ್ಮಾವ್ರಿಗಿಂತ ನಿಮ್ಗೇ ಜಾಸ್ತಿ ಐತಲ್ಲ!"

ನನಗೆ ನಗು ಬರಲಿಲ್ಲ. ಹಿಂದೆಂದೂ ನೋಡಿಕೊಂಡಿರಲಿಲ್ಲ. ಹನ್ನೊಂದು ವರ್ಷ ಬೇರೆಯವರ ಕಾಲು ನೋಡಿದವಳು ನನ್ನದನ್ನು ಫೋನಿನಲ್ಲಿ ನೋಡಿ ಸಟ್ಟನೆ ಅಳಿಸಿಬಿಟ್ಟೆ. ಅಳಿಸಿದ ಮೇಲೆ ನಾಚಿಕೆಯಾಯಿತು. ಅಮ್ಮಾವ್ರಿಗೆ ಹಾಸಿಗೆ ತೋರಿಸಿ ಇದು ಕಾಯಿಲೆಯಲ್ಲ ಎಂದು ಉಪದೇಶ ಮಾಡಿದವಳು ನಾನೇ ತಾನೆ? ಮತ್ತೆ ತೆಗೆಸಿಕೊಂಡು ಇಟ್ಟುಕೊಂಡೆ.

ಸೋಮವಾರಕ್ಕೆ ಐದು ದಿನವಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಅಮ್ಮಾವ್ರು ನೀರಿಗೆ ಇಳಿಯುತ್ತಾರೆ, ಮಂಡಿ ಉಳಿಯುತ್ತದೆ. ನನಗೆ ಬೇಕಾದ್ದೂ ಅದೇ. ಹೇಳಿದರೆ ಇಳಿಯುವುದಿಲ್ಲ. ಮೂರು ದಿನ ಒಲೆ ಮೇಲೆ ಕೂತಂತಿದ್ದೆ. ಆಯಾ ಸ್ಪಷ್ಟವಾಗಿ, "ಸುಮ್ನಿರಿ. ಒಳ್ಳೇದಕ್ಕೆ ಹೇಳಿದ ಸುಳ್ಳು" ಎಂದರು. ಆದರೆ ಮಂಜು ಎಷ್ಟು ದಿನ ಇರುತ್ತದೆ? ಅಕ್ಟೋಬರಿನಲ್ಲಿ ಬಿಸಿಲು ಬರುತ್ತದೆ, ನೆಂಟರು ಬರುತ್ತಾರೆ, ಮತ್ತೊಂದು ಫೋಟೋ ಬರುತ್ತದೆ. ಆಮೇಲೆ ನೀರನ್ನೂ ನಂಬುವುದಿಲ್ಲ, ನನ್ನನ್ನೂ ನಂಬುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಖಾಲಿ ಸಾಲು ಬಿಡು ಎಂದವರಿಗೇ ಖಾಲಿ ಸಾಲಿನ ಬೆಳೆ ಎಷ್ಟು ಬಂತೆಂದು ಹೇಳದೆ ಇರುವುದು ಕಳ್ಳತನ ಅನ್ನಿಸಿತು. ನಾಲ್ವರು ಹೆಂಗಸರಿಗೂ ಸದ್ಯಕ್ಕೆ ದಿನ ಕೊಡುವುದಿಲ್ಲ ಎಂದು ಫೋನು ಮಾಡಿದೆ. ಪ್ರತಿನಿಧಿಗೆ ಫೋಟೋ ಹಾಕಬೇಡಿ ಎಂದೆ. ಭಾನುವಾರ ಬೆಳಿಗ್ಗೆ ಟಾರ್ಚು ತೆಗೆದುಕೊಂಡು ಜಾವಳಿ ಬಸ್ಸು ಹತ್ತಿದೆ.

ಅಮ್ಮಾವ್ರನ್ನು ಅವರ ಮಲಗುವ ಕೋಣೆಯ ನಿಲುವುಗನ್ನಡಿಯ ಮುಂದೆ ನಿಲ್ಲಿಸಿ, ಪರದೆ ಎಳೆದು, ಟಾರ್ಚು ಓರೆಯಾಗಿ ಬಿಟ್ಟೆ. ಬಲಗಾಲು ತೋರಿಸಿದೆ. ಎಡಗಾಲು ತೋರಿಸಿದೆ. ಬಲಗಾಲಿನಲ್ಲಿ ಎರಡು ಮೂರು ಗುಳಿ ಕೊಂಚ ಮೇಲೆ ಬಂದ ಹಾಗೆ ಕಂಡಿತು. ಹಾಗೆ ಕಾಣಲಿ ಎಂದು ಬಯಸಿ ನೋಡುತ್ತಿದ್ದುದರಿಂದ ಅದಕ್ಕೂ ಪ್ರಮಾಣ ಮಾಡಲಾರೆ. ಕೊನೆಗೆ ನನ್ನದೇ ಎರಡು ಫೋಟೋ ಮುಂದಿಟ್ಟೆ, ಮಂಜಿನದು, ಟಾರ್ಚಿನದು.

ಅಮ್ಮಾವ್ರು ಎರಡನ್ನೂ ಹಿಂದೆ ಮುಂದೆ ಮಾಡಿ ನೋಡಿ ಫೋನು ವಾಪಸು ಕೊಟ್ಟರು.

"ನಾಳೆ ಇಳೀತಿದ್ದೆ ಕಣೇ" ಎಂದರು ಆಮೇಲೆ. "ಟವಲ್ಲು ಒಗೆಸಿ ಇಟ್ಟಿದ್ದೆ. ಒಂದು ದಿನ ಬಾಯಿ ಮುಚ್ಕೊಂಡಿರಕ್ಕೆ ನಿಂಗೆ ಏನು ದಾಡಿಯಾಗಿತ್ತು?"

ನನಗೂ ತಡೆಯಲಾಗಲಿಲ್ಲ. "ಖಾಲಿ ಸಾಲು ಬಿಡು ಅಂದೋರು ಯಾರು? ನಾನಾ? ನೀವು! ಖಾಲಿ ಸಾಲಲ್ಲೂ ಅಷ್ಟೇ ಬೆಳೆ ಬಂದಿದೆ, ಗೊಬ್ಬರ ದಂಡ ಅಂತ ನಿಮ್ಮ ಮೇಸ್ತ್ರಿ ಮುಚ್ಚಿಟ್ಟಿದ್ರೆ ಅವನನ್ನ ತೋಟದಲ್ಲಿ ಇಟ್ಕೊಳ್ತಿದ್ರಾ?"

"ಹೋಗು" ಎಂದರು.

ಹೋದೆ. ಬಸ್ಸಿನಲ್ಲಿ ಅತ್ತೆ. ಸತ್ಯ ಹೇಳಿ ಒಬ್ಬರ ಮಂಡಿ ಕಳೆದೆನಲ್ಲ ಎಂದು ನನ್ನ ಮೇಲೇ ಕೋಪ. ಸೋಮವಾರ ಫೋನಿಲ್ಲ. ಒಂಬತ್ತು ದಿನ ಫೋನಿಲ್ಲ. ಹತ್ತನೆಯ ದಿನ ಬೆಳಿಗ್ಗೆ ತೋಟದ ಮೇಸ್ತ್ರಿ ಜೀಪಿನಲ್ಲಿ ಬಂದು, ಕೊಡೆ ಮಡಿಸದೆ ಬಾಗಿಲಲ್ಲೇ ನಿಂತ.

"ಅಮ್ಮಾವ್ರು ನೀರೊಳಗವ್ರೆ. ಹೆಂಗೆ ನಡೀಬೇಕು ಅಂತ ಕೇಳ್ಕಂಡ್ ಬಾ ಅಂದ್ರು. ಬೇಗ ಹೇಳಿ, ತಣ್ಣಗೈತಂತೆ."

ಅದನ್ನು ಕೇಳಿಕೊಂಡು ಹೋಗಿ ಹೇಳುವ ವಿಷಯವೇ? ಅದೇ ಜೀಪಿನಲ್ಲಿ ಓಡಿದೆ. ಮಳೆ ನಿಂತು ಮಂಜು ಕವಿದಿತ್ತು, ಟ್ಯಾಂಕು ಎಲ್ಲಿದೆಯೆಂದು ಮೇಸ್ತ್ರಿ ತೋರಿಸಬೇಕಾಯಿತು. ನೀರಿನ ಮಧ್ಯದಿಂದ ದನಿ ಮಾತ್ರ ಬಂತು.

"ಬಂದ್ಯಾ? ಮಂಜಲ್ಲಿ ಎಲ್ಲಾರ ಕಾಲೂ ಬೆಣ್ಣೆ ಅಂತ ನೀನೇ ತೋರ್ಸಿದ್ಯಲ್ಲ. ಅದಕ್ಕೇ ಇಳಿದೆ. ಮಂಜಿರೋವರೆಗೂ ಬರ್ತೀನಿ. ಬಿಸಿಲು ಬಂದ ಮೇಲೆ ನನ್ನ ಕೇಳ್ಬೇಡ."

ದಂಡೆಯ ಮೇಲೆ ನಿಂತು, ಕಾಣದ ಕಾಲಿಗೆ ವ್ಯಾಯಾಮ ಹೇಳಿಕೊಟ್ಟೆ. ಮುಂದೆ ಇಪ್ಪತ್ತು ಹೆಜ್ಜೆ, ಹಿಂದೆ ಇಪ್ಪತ್ತು, ಮಂಡಿ ಎತ್ತಿ, ಅಂಚು ಹಿಡಿದು ಕಾಲು ಬೀಸಿ. ಜುಲೈ, ಆಗಸ್ಟ್ ಹೀಗೇ ಹೋಯಿತು. ವಾರಕ್ಕೊಮ್ಮೆ ನಾನು ಬರುತ್ತಿದ್ದೆ, ಉಳಿದ ದಿನ ಅವರೇ. ಸೆಪ್ಟೆಂಬರ್ ಕೊನೆಗೆ ಆಕಾಶ ತಿಳಿಯಾದಾಗ ಭಯ ಶುರುವಾಯಿತು. ಮಂಜು ಕರಗುವ ಮೊದಲು ಮುಗಿಸಬೇಕೆಂದು ಅಮ್ಮಾವ್ರು ಆರಕ್ಕೇ ಇಳಿಯುತ್ತಿದ್ದರು. ನಾನು ಏನೂ ಕೇಳಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕಿಟಕಿ ತೆಗೆದು ಮಂಜಿದೆಯಾ ಎಂದು ನೋಡುವ ಚಟ ಹತ್ತಿತು.

ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಜೋರಾದಾಗ ನಾನು ಮೂರು ವಾರ ಹೋಗಲಾಗಲಿಲ್ಲ. ಕೊಯ್ಲಿನ ನಡುವೆ ನೀರು ಬಿಟ್ಟೇ ಬಿಟ್ಟಿರುತ್ತಾರೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಒಂದು ದಿನ ಹೋದೆ. ಒಂಬತ್ತೂವರೆ, ಹತ್ತು ಗಂಟೆ. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಹಣ್ಣು ತುಂಬಿದ ಚೀಲ ಹೊತ್ತ ಹೆಂಗಸರು ಟ್ಯಾಂಕಿನ ಪಕ್ಕದಲ್ಲೇ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಗೆ ಸಾಲಾಗಿ ಹೋಗುತ್ತಿದ್ದರು. ಅಮ್ಮಾವ್ರು ಟ್ಯಾಂಕಿನ ಮೆಟ್ಟಿಲು ಹತ್ತಿ ಬರುತ್ತಿದ್ದರು, ನೇರವಾಗಿ. ಅಡ್ಡಡ್ಡ ಅಲ್ಲ. ಅ‌ವರು ಟವಲ್ಲಿಗೆ ಕೈ ಚಾಚುವಷ್ಟರಲ್ಲಿ ಮೇಸ್ತ್ರಿ ಓಡಿಬಂದು ಟ್ಯಾಂಕಿನ ಪಂಪಿನಿಂದ ಪಲ್ಪರಿಗೆ ನೀರು ಬರುತ್ತಿಲ್ಲ ಎಂದ.

ಟವಲ್ಲು ಅಲ್ಲೇ ಉಳಿಯಿತು. ಚಡ್ಡಿಯಲ್ಲಿ, ನೀರು ಸೋರುತ್ತ, ಸೊಂಟಕ್ಕೆ ಕೈಕೊಟ್ಟು ನಿಂತು ಕಾಲು ಗಂಟೆ ಅವನನ್ನು ಬೈದರು. ಫುಟ್‌ವಾಲ್ವ್ ಸ್ವಚ್ಛ ಮಾಡಿದ್ಯಾ, ಎಲೆ ಸಿಕ್ಕಿದೆಯಾ ನೋಡಿದ್ಯಾ, ನಿನ್ನೆ ಯಾರು ಪೈಪು ಎಳೆದಿದ್ದು? ಬಿಸಿಲು ಪಕ್ಕದಿಂದ ಓರೆಯಾಗಿ ಅವರ ತೊಡೆಯ ಮೇಲೆ ಬಿದ್ದಿತ್ತು, ನಾನು ತೆಗೆದ ಮೊದಲ ಫೋಟೋದಲ್ಲಿ ಬಿದ್ದ ಹಾಗೆಯೇ. ಬಲಗಾಲಿನ ಗುಳಿಗಳು, ಎಡಗಾಲಿನ ಗುಳಿಗಳು ಎಲ್ಲ ಇದ್ದಲ್ಲೇ ಇದ್ದವು. ಮೇಸ್ತ್ರಿ ಪಂಪನ್ನೇ ನೋಡುತ್ತಿದ್ದ. ಚೀಲ ಹೊತ್ತ ಹೆಂಗಸರು ಕಾಲ ಕೆಳಗಿನ ದಾರಿ ನೋಡುತ್ತಿದ್ದರು. ಅಮ್ಮಾವ್ರು ಮಾತ್ರ ಯಾವುದನ್ನೂ ನೆನಪಿಸಿಕೊಂಡಿರಲಿಲ್ಲ. ನಾನು ಉಸಿರು ಬಿಗಿಹಿಡಿದು ನಿಂತೆ, ಎಲ್ಲಿ ನೆನಪಾಗಿಬಿಡುತ್ತದೋ ಎಂದು.

ಮೇಸ್ತ್ರಿ ಓಡಿದ ಮೇಲೆ ನನ್ನ ಕಡೆ ತಿರುಗಿದರು. ನನ್ನ ಮುಖ ನೋಡಿ, ತಮ್ಮ ಕಾಲು ನೋಡಿಕೊಂಡು, ಮತ್ತೆ ಬಿಸಿಲು ನೋಡಿದರು.

"ಓ" ಎಂದರು. ಅಷ್ಟೇ. ಟವಲ್ಲು ತೆಗೆದು ತಲೆ ಒರೆಸಿಕೊಂಡರು. ಆಮೇಲೆ, "ನೀನ್ಯಾವಾಗ ಇಳಿಯೋದು?" ಎಂದರು.

"ನಾನಾ? ನಂಗ್ಯಾಕೆ? ನನ್ನ ಮಂಡಿ ಸರಿಯಾಗೇ ಇದೆ."

"ಮಂಡಿ ಗೊತ್ತು. ಆ ಟಾರ್ಚಿನ ಫೋಟೋನೂ ಗೊತ್ತು. ಆರು ತಿಂಗಳಿಂದ ದಂಡೆ ಮೇಲೆ ನಿಂತು ಊರಿಗೆಲ್ಲ ಉಪದೇಶ ಮಾಡ್ತೀಯಲ್ಲ, ಪೈಜಾಮ ಮಡ್ಚು."

ಸುತ್ತ ನೋಡಿದೆ. ಮಂಜಿನ ಸುಳಿವೂ ಇರಲಿಲ್ಲ. ಹಠದಿಂದ ಪೈಜಾಮವನ್ನು ತೊಡೆಯವರೆಗೂ ಸುತ್ತಿದೆ. ಅಮ್ಮಾವ್ರು ಟ್ಯಾಂಕಿನ ಕಟ್ಟೆಯ ಮೇಲಿದ್ದ ತಮ್ಮ ಚೀಲದಿಂದ ಆ ಕೆಂಪು ರಿಬ್ಬನ್ ತೆಗೆದರು. ಎಸೆದಿರಲಿಲ್ಲ. ನನ್ನ ಮುಂದೆ ಬಂದು, ಏನನ್ನೂ ಹಿಡಿದುಕೊಳ್ಳದೆ, ಎರಡೂ ಮಂಡಿ ಮಡಿಸಿ ಕುಕ್ಕರಗಾಲಿನಲ್ಲಿ ಕೂತರು. ಫೆಬ್ರವರಿಯಲ್ಲಿ ಶೂ ದಾರ ಕಟ್ಟಲಾಗದಿದ್ದವರು. ನನಗೆ ಅಳು ಒತ್ತಿಕೊಂಡು ಬಂತು.

"ಅಳೋದು ಆಮೇಲೆ. ಯಾವ ಕಾಲಿಗೆ ಕಟ್ಲಿ?"

"ಎರಡೂ ಸೇರ್ಸಿ ಕಟ್ಟಿ" ಎಂದೆ ಮೂಗು ಒರೆಸಿಕೊಳ್ಳುತ್ತ. "ನಂದು ಪೂರ್ತಿ ಖಾಲಿ ಸಾಲು."

"ಸೇರ್ಸಿ ಕಟ್ಟಿದ್ರೆ ಮುಳುಗ್ತೀಯ, ಪೆದ್ದಿ" ಎಂದು ಎಡಗಾಲಿಗೇ ಕಟ್ಟಿ, ನನ್ನ ಕೈ ಹಿಡಿಯದೆ ತಾವೇ ಎದ್ದು ನಿಂತರು. ನೀರು ನಿಜಕ್ಕೂ ಬಹಳ ತಣ್ಣಗಿತ್ತು.